ಇಂಗ್ಲಿಷಿನಲ್ಲಿ ಪಾಸಾದ ಮಗುವಿನ ಕಿವಿಗೆ ಪರೀಕ್ಷೆಯೇ ಇಲ್ಲ

ಮಧುಗಿರಿ ಕಡೆಯ ಯಾವುದಾದರೂ ಕನ್ನಡ ಮಾಧ್ಯಮದ ಹೈಸ್ಕೂಲಿಗೆ ಫೆಬ್ರವರಿ ತಿಂಗಳಲ್ಲಿ ಹೋಗಿ ನೋಡಿ. ಹತ್ತನೇ ಕ್ಲಾಸಿನ ಮಕ್ಕಳ ಕೈಯಲ್ಲಿ ಜೆರಾಕ್ಸ್ ಹಾಳೆಗಳ ಒಂದು ಕಟ್ಟು ಇರುತ್ತದೆ. ಮೇಷ್ಟ್ರುಗಳ ಬಾಯಲ್ಲಿ ಅದರ ಹೆಸರು ‘ಪಾಸಿಂಗ್ ಪ್ಯಾಕೇಜ್’. ಇಂಗ್ಲಿಷಿನ ಕಟ್ಟು ಬಿಚ್ಚಿದರೆ ಒಂದು ಪತ್ರದ ನಮೂನೆ, ಬಾಯಿಪಾಠದ ಪದ್ಯದ ನಾಲ್ಕು ಸಾಲು, ಎರಡು ಮೂರು ಪದ್ಯಗಳ ಸಾರಾಂಶ, ಹಿಂದಿನ ವರ್ಷಗಳಲ್ಲಿ ಬಂದ ಪ್ರಶ್ನೆಗಳಿಗೆ ಸಿದ್ಧ ಉತ್ತರ ಸಿಗುತ್ತವೆ. ಕಷ್ಟದ ಪದಗಳ ನೆತ್ತಿಯ ಮೇಲೆ ಪೆನ್ಸಿಲ್ಲಿನಲ್ಲಿ ಕನ್ನಡ ಅಕ್ಷರ ಬರೆದುಕೊಂಡಿರುತ್ತಾರೆ.

ಒಂದು ಸಣ್ಣ ಪ್ರಯೋಗ ಮಾಡಬಹುದು. ಆರ್.ಕೆ. ನಾರಾಯಣರ ‘ಎ ಹೀರೋ’ ಪಾಠವನ್ನು ಓದಿ ಮುಗಿಸಿದ ಮಗುವಿಗೆ, ಪುಸ್ತಕ ಮುಚ್ಚಿಸಿ, ನಿಧಾನವಾಗಿ ಇಂಗ್ಲಿಷಿನಲ್ಲೇ ಕೇಳಿ: ಆ ರಾತ್ರಿ ಸ್ವಾಮಿ ಎಲ್ಲಿ ಮಲಗಿದ? ಪಾಠದ ಕೊನೆಯ ಪ್ರಶ್ನೋತ್ತರ ಗಡಗಡ ಹೇಳುವ ಮಕ್ಕಳಲ್ಲೂ ಎಷ್ಟೋ ಜನ ಇಲ್ಲಿ ಮೇಷ್ಟ್ರ ಮುಖ ನೋಡುತ್ತಾರೆ. ಅದೇ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿ, ‘ಅವರಪ್ಪನ ಆಫೀಸು ರೂಮಲ್ಲಿ ಸಾರ್’ ಅಂತ ಥಟ್ಟನೆ ಉತ್ತರ ಬರುತ್ತದೆ. ಅಂದರೆ ಕತೆ ಗೊತ್ತು. ಪ್ರಶ್ನೆ ಕಿವಿಗೆ ಬಿದ್ದರೂ ಒಳಗೆ ಇಳಿದಿಲ್ಲ.

ಇದು ಮಗುವಿನ ದಡ್ಡತನವಲ್ಲ, ಮೇಷ್ಟ್ರ ಸೋಮಾರಿತನವೂ ಅಲ್ಲ. ನಮ್ಮ ಪರೀಕ್ಷೆ ಏನನ್ನು ಕೇಳುತ್ತದೋ ಶಾಲೆ ಅದನ್ನೇ ಕಲಿಸುತ್ತದೆ. ಹತ್ತು ವರ್ಷ ಇಂಗ್ಲಿಷ್ ಕಲಿತ ಮಗುವನ್ನು ಎಸ್ಸೆಸ್ಸೆಲ್ಸಿ ಪರೀಕ್ಷೆ ಒಂದೇ ಒಂದು ಇಂಗ್ಲಿಷ್ ವಾಕ್ಯವನ್ನೂ ಕೇಳಿಸಿಕೊಂಡು ಅರ್ಥ ಹೇಳು ಅನ್ನುವುದಿಲ್ಲ.

ಪ್ರಶ್ನೆಪತ್ರಿಕೆ ಏನನ್ನು ಅಳೆಯುತ್ತದೆ?

ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ದ್ವಿತೀಯ ಭಾಷೆ. 100 ಅಂಕದಲ್ಲಿ 80 ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಲಿಖಿತ 80ರಲ್ಲಿ ಬಹುಪಾಲು ಪಠ್ಯಪುಸ್ತಕದ ಪಾಠ-ಪದ್ಯ, ವ್ಯಾಕರಣ, ಪತ್ರ-ಪ್ರಬಂಧದ ಸುತ್ತಲೇ ಸುತ್ತುತ್ತದೆ. ಮಗು ಹಿಂದೆಂದೂ ನೋಡದ ಗದ್ಯ ಕೊಟ್ಟು ಓದಿಸುವ ಪ್ರಶ್ನೆ ಇದೆ, ಆದರೆ ಅದರ ಪಾಲು ತೀರಾ ಸಣ್ಣದು. ಅಲ್ಲೂ ಪ್ರಶ್ನೆಯ ಪದವನ್ನು ಗದ್ಯದಲ್ಲಿ ಹುಡುಕಿ, ಆ ಸಾಲನ್ನೇ ಎತ್ತಿ ಬರೆದರೆ ಅಂಕ ಸಿಕ್ಕಿಬಿಡುತ್ತದೆ. ಅದು ಓದಿನ ಪರೀಕ್ಷೆಗಿಂತ ಕಣ್ಣಿನ ಚುರುಕಿನ ಪರೀಕ್ಷೆ.

ಕೇಳುವುದು, ಮಾತಾಡುವುದು, ಓದುವುದು, ಬರೆಯುವುದು ಎಂಬ ನಾಲ್ಕು ಕೌಶಲಗಳು ಪ್ರತಿ ತರಬೇತಿಯಲ್ಲೂ ಬೋರ್ಡಿನ ಮೇಲೆ ಬರುತ್ತವೆ. ಮೊದಲಿನ ಎರಡು ಆಂತರಿಕ ಮೌಲ್ಯಮಾಪನದ ಚಟುವಟಿಕೆಗಳಲ್ಲಿ ಬರಬೇಕು. ಆದರೆ ಆ 20 ಅಂಕದ ಕತೆ ಎಲ್ಲರಿಗೂ ಗೊತ್ತೇ ಇದೆ. ಫೇಲಾಗುವ ಮಗುವನ್ನು ದಡ ಸೇರಿಸುವ ಹಗ್ಗ ಅದು, ಹಾಗಾಗಿ ಧಾರಾಳವಾಗಿ ಬೀಳುತ್ತದೆ. ಎಲ್ಲರಿಗೂ 18, 19 ಬಿದ್ದ ಮೇಲೆ ಯಾವ ಮಗುವಿಗೆ ಏನು ಕೇಳಿಸುತ್ತದೆ ಅನ್ನುವ ಮಾಹಿತಿ ಅಲ್ಲಿ ಉಳಿಯುವುದಿಲ್ಲ.

ಒತ್ತಡ ಮೇಲಿನಿಂದಲೂ ಇದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದ ನಮ್ಮ ಶೈಕ್ಷಣಿಕ ಜಿಲ್ಲೆ ತುಮಕೂರಿನಿಂದ ಬೇರೆಯಾಗಿಯೇ ಪಟ್ಟಿಯಲ್ಲಿ ಕಾಣುತ್ತದೆ. ರಾಜ್ಯದ 35 ಶೈಕ್ಷಣಿಕ ಜಿಲ್ಲೆಗಳಲ್ಲಿ ಎಷ್ಟನೇ ಸ್ಥಾನ ಎಂಬುದೇ ಫಲಿತಾಂಶದ ದಿನದ ಸುದ್ದಿ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದಾಗ ರಾಜ್ಯದ ಫಲಿತಾಂಶ ಹಿಂದಿನ ವರ್ಷದ 83.89ರಿಂದ 73.40ಕ್ಕೆ ಕುಸಿಯಿತು, ಅದೂ ಗ್ರೇಸ್ ಅಂಕ ಹೆಚ್ಚಿಸಿದ ಮೇಲೆ. ಆಮೇಲೆ ತೇರ್ಗಡೆಯ ಮಟ್ಟವನ್ನೇ ಇಳಿಸಲಾಯಿತು. 2025-26ನೇ ಸಾಲಿನಿಂದ 625ಕ್ಕೆ 206 ಅಂಕ, ಅಂದರೆ ಶೇ. 33 ಸಾಕು ಎಂದು ಸರ್ಕಾರ ಪ್ರಕಟಿಸಿತು. ಮಕ್ಕಳು ಫೇಲಾಗಿ ಶಾಲೆ ಬಿಡಬಾರದು ಎಂಬ ಕಾಳಜಿ ಸರಿಯೇ. ಆದರೆ ಕ್ಯಾಮೆರಾ, ಗ್ರೇಸ್, ಶೇ. 33 ಎಂದು ಇಷ್ಟೆಲ್ಲ ಚರ್ಚೆಯಾದರೂ ‘ಈ ಪರೀಕ್ಷೆ ಏನನ್ನು ಅಳೆಯುತ್ತಿದೆ’ ಎಂಬ ಪ್ರಶ್ನೆ ಮಾತ್ರ ಯಾರ ಬಾಯಲ್ಲೂ ಬರಲಿಲ್ಲ.

ಕಿವಿ ತಪ್ಪಿದರೆ ಓದೂ ತಪ್ಪುತ್ತದೆ

‘ಕೇಳುವುದು ಬಿಡಿ, ಮೊದಲು ಓದಲು ಬರಲಿ’ ಅನ್ನುವವರಿದ್ದಾರೆ. ಓದಿನ ಅಧ್ಯಯನ ಬೇರೆ ಮಾತು ಹೇಳುತ್ತದೆ. ಗಫ್ ಮತ್ತು ಟನ್ಮರ್ ಎಂಬ ಇಬ್ಬರು ಸಂಶೋಧಕರು 1986ರಲ್ಲಿ ಒಂದು ಸರಳ ಲೆಕ್ಕ ಕೊಟ್ಟರು. ಅಕ್ಷರ ಬಿಡಿಸುವ ಶಕ್ತಿಯನ್ನು ಆ ಭಾಷೆಯನ್ನು ಕೇಳಿ ಅರ್ಥ ಮಾಡಿಕೊಳ್ಳುವ ಶಕ್ತಿಯಿಂದ ಗುಣಿಸಿದರೆ ಸಿಗುವುದು ಓದಿನ ಗ್ರಹಿಕೆ. ಕೂಡುವುದಲ್ಲ, ಗುಣಿಸುವುದು. ಒಂದು ಸೊನ್ನೆಯಾದರೆ ಇನ್ನೊಂದು ಎಷ್ಟೇ ಇದ್ದರೂ ಉತ್ತರ ಸೊನ್ನೆ.

2023ರ ಅಸರ್ ವರದಿ 26 ರಾಜ್ಯಗಳ 28 ಗ್ರಾಮೀಣ ಜಿಲ್ಲೆಗಳಲ್ಲಿ 14ರಿಂದ 18 ವಯಸ್ಸಿನವರನ್ನು ಪರೀಕ್ಷಿಸಿತು. ಇಂಗ್ಲಿಷ್ ವಾಕ್ಯಗಳನ್ನು ಓದಬಲ್ಲವರು ಶೇ. 57.3. ಹಾಗೆ ಓದಿದವರಲ್ಲಿ ಅರ್ಥ ಹೇಳಬಲ್ಲವರು ಶೇ. 73.5. ಗುಣಿಸಿ ನೋಡಿದರೆ ನೂರಕ್ಕೆ ಸುಮಾರು 42 ಮಂದಿ ಮಾತ್ರ ಓದಿ ಅರ್ಥ ಮಾಡಿಕೊಳ್ಳಬಲ್ಲರು. ಓದಲು ಬಂದೂ ಅರ್ಥವಾಗದ ಆ ಗುಂಪನ್ನು ನಮ್ಮ ಪ್ರಶ್ನೆಪತ್ರಿಕೆ ಗುರುತಿಸುವುದೇ ಇಲ್ಲ. ನೋಡಿ ಎತ್ತಿ ಬರೆಯುವ ಕೈ ಇದ್ದರೆ ಅವರೂ ಪಾಸು.

ಕನ್ನಡದ ಕಿವಿಗೆ ಇಂಗ್ಲಿಷ್ ಯಾಕೆ ಕಷ್ಟ ಅನ್ನುವುದಕ್ಕೆ ಭಾಷೆಯಲ್ಲೇ ಕಾರಣವಿದೆ. ನಮ್ಮ ಮಾತು ಸ್ವರದಲ್ಲಿ ಮುಗಿಯುತ್ತದೆ. ಬಸ್ ಬಸ್ಸಾಗುತ್ತದೆ, ಕಾರ್ ಕಾರಾಗಿ, ‘ಬಸ್ಸು’, ‘ಕಾರು’ ಅಂತಲೇ ನಾಲಿಗೆಗೆ ಹಿತ. ಇಂಗ್ಲಿಷಿನಲ್ಲಿ ಅರ್ಥವೆಲ್ಲ ಪದದ ಬಾಲದಲ್ಲಿರುತ್ತದೆ. ‘ಐ ವಾಕ್ ಟು ಸ್ಕೂಲ್’ ಅಂದರೆ ದಿನಾ ನಡೆಯುತ್ತೇನೆ. ‘ಐ ವಾಕ್ಟ್ ಟು ಸ್ಕೂಲ್’ ಅಂದರೆ ನಡೆದೆ. ವೇಗವಾಗಿ ಹೇಳಿದಾಗ ಎರಡೂ ಹೆಚ್ಚುಕಮ್ಮಿ ಒಂದೇ ಥರ ಕೇಳಿಸುತ್ತವೆ. ಇಂಗ್ಲಿಷ್ ಪದದ ಮೇಲೆ ಕನ್ನಡ ಅಕ್ಷರ ಬರೆದು ಓದಿದ ಮಗು ‘ವಾಕ್ಕೆಡ್’ ಎಂದು ಕಲಿತಿರುತ್ತದೆ. ನಿಜವಾದ ಉಚ್ಚಾರ ಕೇಳಿದಾಗ ಅದು ತನಗೆ ಗೊತ್ತಿರುವ ಪದ ಎಂದೇ ಅದಕ್ಕೆ ಅನಿಸುವುದಿಲ್ಲ.

ಚೀನೀ ಮಾತಾಡುವ ಮಕ್ಕಳ ಕತೆ

ಇದೇ ಕಷ್ಟ ಚೀನೀ ಮಾತಾಡುವ ಮಕ್ಕಳಿಗೂ ಇದೆ. ಮ್ಯಾಂಡರಿನ್ ಪದಗಳೂ ಬಹುತೇಕ ಸ್ವರದಲ್ಲೋ ಅನುನಾಸಿಕದಲ್ಲೋ ಮುಗಿಯುತ್ತವೆ. ಕ್ರಿಯಾಪದಕ್ಕೆ ಭೂತಕಾಲದ ಬಾಲ ಅಲ್ಲಿ ಇಲ್ಲವೇ ಇಲ್ಲ. ಲಿಪಿಯಂತೂ ಪೂರ್ತಿ ಬೇರೆ. ಆದರೆ ಅಲ್ಲಿನ ಪರೀಕ್ಷೆ ಕಿವಿಯನ್ನು ಬಿಟ್ಟಿಲ್ಲ.

ಚೀನಾದ ಕಾಲೇಜು ಪ್ರವೇಶ ಪರೀಕ್ಷೆ ಗಾವೋಕಾವ್‌ನ ಇಂಗ್ಲಿಷ್ ಪತ್ರಿಕೆಗೆ 150 ಅಂಕ. ಈಗಿನ ರಾಷ್ಟ್ರೀಯ ಮಾದರಿಯಲ್ಲಿ ಕೇಳುವುದಕ್ಕೆ 30, ಓದಿ ಗ್ರಹಿಸುವುದಕ್ಕೆ 50. ಅಂದರೆ ಅರ್ಧಕ್ಕಿಂತ ಹೆಚ್ಚು ಅಂಕ ಪಠ್ಯಪುಸ್ತಕದಲ್ಲಿ ಇಲ್ಲದ ಮಾತನ್ನು ಕೇಳಿ, ಇಲ್ಲದ ಬರಹವನ್ನು ಓದಿ ಗಳಿಸಬೇಕು. ಸಣ್ಣ ಸಂಭಾಷಣೆಗಳನ್ನು ಒಂದು ಸಲ, ಉದ್ದದವನ್ನು ಎರಡು ಸಲ ಕೇಳಿಸುತ್ತಾರೆ.

ನಮಗೆ ಇನ್ನೂ ಹತ್ತಿರದ ಪಾಠ ತೈವಾನಿನದು. ಅಲ್ಲಿ ಒಂಬತ್ತನೇ ತರಗತಿಯ ಕೊನೆಗೆ, ಅಂದರೆ ನಮ್ಮ ಎಸ್ಸೆಸ್ಸೆಲ್ಸಿ ವಯಸ್ಸಿನಲ್ಲೇ, ರಾಷ್ಟ್ರಮಟ್ಟದ ಪರೀಕ್ಷೆ ಇದೆ. 2014ರಲ್ಲಿ ಆ ಪರೀಕ್ಷೆ ಶುರುವಾದಾಗ ಇಂಗ್ಲಿಷ್ ಕೇಳುವ ಭಾಗವನ್ನು ಮಕ್ಕಳು ಬರೆದರು, ಆದರೆ ಅದನ್ನು ಫಲಿತಾಂಶಕ್ಕೆ ಸೇರಿಸಲಿಲ್ಲ. 2015ರಿಂದ ಸೇರಿಸಿದರು. ಈಗ ಓದಿಗೆ ಶೇ. 80, ಕೇಳುವುದಕ್ಕೆ ಶೇ. 20 ತೂಕ. ಮೊದಲು ಅಳೆದರು, ಶಾಲೆಗಳಿಗೆ ಸಮಯ ಕೊಟ್ಟರು, ಆಮೇಲೆ ಅಂಕ ಹಾಕಿದರು.

ಹಾಗಂತ ಅಲ್ಲಿ ಎಲ್ಲವೂ ಸರಿಹೋಯಿತು ಅಂತಲ್ಲ. ತೈವಾನಿನಲ್ಲಿ ಇಂಗ್ಲಿಷ್ ಚೆನ್ನಾಗಿ ಬಲ್ಲವರ ದೊಡ್ಡ ಗುಂಪು ಒಂದು ಕಡೆ, ಬುಡವೇ ಸಿಗದವರ ದೊಡ್ಡ ಗುಂಪು ಇನ್ನೊಂದು ಕಡೆ ಎಂಬ ಚಿಂತೆ ಇವತ್ತಿಗೂ ಇದೆ. ಆಯ್ಕೆಗೆ ಗುರುತು ಹಾಕುವ ಪ್ರಶ್ನೆಗಳಿಗೆ ಕೋಚಿಂಗ್ ಸೆಂಟರುಗಳು ಅಡ್ಡದಾರಿ ಹುಡುಕುತ್ತವೆ. ಪರೀಕ್ಷೆಯಿಂದಲೇ ಭಾಷೆ ಬಂದುಬಿಡುವುದಿಲ್ಲ. ಆದರೆ ಪರೀಕ್ಷೆಯಲ್ಲಿ ಇಲ್ಲದ್ದು ತರಗತಿಗೂ ಬರುವುದಿಲ್ಲ ಎಂಬುದಂತೂ ನಮ್ಮ ಅನುಭವ. ನಮ್ಮಲ್ಲೇ ಸಿಬಿಎಸ್‌ಇ ದಶಕದ ಹಿಂದೆ ಕೇಳುವ-ಮಾತಾಡುವ ಮೌಲ್ಯಮಾಪನ ಶುರುಮಾಡಿತು. ಈಗ ಅದು ಅಲ್ಲಿ ಆಂತರಿಕ ಅಂಕದೊಳಗೆ ಸೇರಿಹೋಗಿದೆ.

ನಾಲ್ಕು ತಾಲ್ಲೂಕು, ಎಷ್ಟೋ ಕಿವಿ

ನಮ್ಮ ಭಾಗಕ್ಕೆ ಇನ್ನೊಂದು ತೊಡಕಿದೆ. ಪಾವಗಡದ ಹೆಚ್ಚಿನ ಗಡಿ ಆಂಧ್ರಕ್ಕೆ ತಾಗಿಕೊಂಡಿದೆ. ಎಷ್ಟೋ ಮನೆಗಳಲ್ಲಿ ತೆಲುಗೇ ಮಾತು. ಆ ಮಗುವಿಗೆ ಕನ್ನಡವೇ ಶಾಲೆಯಲ್ಲಿ ಕಲಿತ ಭಾಷೆ, ಇಂಗ್ಲಿಷ್ ಅದರ ಮೇಲಿನ ಹೊರೆ. ಶಿರಾದ ಮೊಹಲ್ಲಾಗಳಲ್ಲಿ ಉರ್ದು, ತಾಂಡಾಗಳಲ್ಲಿ ಲಂಬಾಣಿ. ಇಂಥ ಮಗು ಇಂಗ್ಲಿಷಿನಲ್ಲಿ 35 ತೆಗೆದುಕೊಂಡರೆ ಅದು ಏನನ್ನು ಹೇಳುತ್ತದೆ? ಇಂಗ್ಲಿಷ್ ಅರ್ಥವಾಗಲಿಲ್ಲವೋ, ಅರ್ಥವಾಗಿಯೂ ಬರೆಯಲಾಗಲಿಲ್ಲವೋ, ಪ್ಯಾಕೇಜಿನ ಎರಡು ಹಾಳೆ ಕಳೆದುಹೋಗಿತ್ತೋ, ಆ ಸಂಖ್ಯೆಯಿಂದ ತಿಳಿಯುವುದಿಲ್ಲ. ರೋಗ ಯಾವುದೆಂದು ಹೇಳದ ರಕ್ತಪರೀಕ್ಷೆಯ ರಿಪೋರ್ಟಿನ ಹಾಗೆ ಅದು.

ರಿಪೋರ್ಟಿನ ಬೆಲೆ ತೆರುವುದು ಜೂನ್ ತಿಂಗಳಲ್ಲಿ. ತುಮಕೂರಿನ ಯಾವುದೋ ಕಾಲೇಜಿಗೆ ಪಿಯುಸಿ ಸೈನ್ಸಿಗೆ ಸೇರಿದ ಮಗು ಮೊದಲ ವಾರವೇ ಫಿಸಿಕ್ಸ್ ಕ್ಲಾಸಿನಲ್ಲಿ ಕಕ್ಕಾಬಿಕ್ಕಿಯಾಗುತ್ತದೆ. ವಿಜ್ಞಾನ ಕಷ್ಟವಾಗಿ ಅಲ್ಲ, ಕಿವಿಗೆ ಬೀಳುವ ವಾಕ್ಯ ಎಲ್ಲಿ ಮುಗಿಯಿತು ಅಂತ ಗೊತ್ತಾಗದೆ. ಕೆಲವರು ಕಾಮರ್ಸಿಗೋ ಆರ್ಟ್ಸಿಗೋ ಬದಲಾಗುತ್ತಾರೆ. ‘ಸೈನ್ಸ್ ನಮ್ಮಂಥೋರಿಗಲ್ಲ ಬಿಡಪ್ಪ’ ಅಂತ ಮನೆಯಲ್ಲೂ ಒಪ್ಪಿಕೊಂಡುಬಿಡುತ್ತಾರೆ. ಕಿವಿಯ ಸಮಸ್ಯೆ ತಲೆಯ ಸಮಸ್ಯೆ ಅಂತ ದಾಖಲಾಗುವುದು ಹೀಗೆ.

ಏನು ಮಾಡಬಹುದು?

ಮೊದಲನೆಯದು, ಹೊಸ ಅಂಕ ಬೇಡ. ಇರುವ 20 ಆಂತರಿಕ ಅಂಕದಲ್ಲೇ ಐದನ್ನು ಕೇಳುವುದಕ್ಕೆ ಮೀಸಲಿಡಲಿ. ಧ್ವನಿಮುದ್ರಿಕೆ ಮತ್ತು ಪ್ರಶ್ನೆ ಪರೀಕ್ಷಾ ಮಂಡಳಿಯಿಂದಲೇ ಬರಲಿ, ಒಂದೇ ದಿನ ಎಲ್ಲ ಶಾಲೆಗಳಲ್ಲೂ ನಡೆಯಲಿ. ತೈವಾನಿನಂತೆ ಮೊದಲ ಒಂದೆರಡು ವರ್ಷ ಅದನ್ನು ಫಲಿತಾಂಶಕ್ಕೆ ಸೇರಿಸದೆ, ಶಾಲೆಗೆ ಮಾತ್ರ ವರದಿ ಕೊಡಲಿ.

ಎರಡನೆಯದು, ಇದು ಬಹಳ ಮುಖ್ಯ: ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ, ಓದಿದ್ದಕ್ಕೆ ಕನ್ನಡದಲ್ಲಿ ಉತ್ತರ ಬರೆಯಲು ಬಿಡಬೇಕು. ಅಥವಾ ಚಿತ್ರಕ್ಕೆ ಗುರುತು ಹಾಕಲಿ. ಅರ್ಥವಾಗಿದೆಯೇ ಎಂದು ನೋಡುವಾಗ ಸ್ಪೆಲ್ಲಿಂಗ್ ತಪ್ಪಿಗೆ ಅಂಕ ಕಳೆಯುವುದು ಅಳತೆಯಲ್ಲ. ಬರವಣಿಗೆಯನ್ನು ಬೇರೆ ಪ್ರಶ್ನೆಯಲ್ಲಿ ನೋಡೋಣ.

ಮೂರನೆಯದು, ದನಿ ನಮ್ಮದೇ ಇರಲಿ. ಲಂಡನ್ನಿನ ಉಚ್ಚಾರ ಮಧುಗಿರಿಯ ಮಗುವಿಗೆ ಯಾಕೆ? ಬೆಂಗಳೂರಿನಲ್ಲಿ 1963ರಿಂದ ಇರುವ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಶಿಕ್ಷಕರಿಗೆ ತರಬೇತಿ ಕೊಡುತ್ತಲೇ ಬಂದಿದೆ. ಆಕಾಶವಾಣಿಯಲ್ಲಿ ‘ಕೇಳಿ ಕಲಿ’ ಪಾಠಗಳನ್ನು ಕೇಳಿದ ತಲೆಮಾರೂ ನಮ್ಮಲ್ಲಿದೆ. ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿಸಿದ ಇಲಾಖೆಗೆ ತರಗತಿಗೊಂದು ಸ್ಪೀಕರ್ ದೊಡ್ಡ ಖರ್ಚಲ್ಲ.

ನಾಲ್ಕನೆಯದು, ಓದಿನ ಪ್ರಶ್ನೆಗೆ ಪಾಲು ಹೆಚ್ಚಬೇಕು, ಸಾಲು ಎತ್ತಿ ಬರೆದರೆ ಸಿಗದ ಉತ್ತರ ಕೇಳಬೇಕು. ಮಾತ್ರೆ ಡಬ್ಬಿಯ ಮೇಲಿನ ಸೂಚನೆ, ಐಟಿಐ ಅರ್ಜಿಯ ನಿಯಮ, ಬ್ಯಾಂಕಿನ ಎಸ್ಸೆಮ್ಮೆಸ್ಸು ಎಲ್ಲವೂ ಒಳ್ಳೆಯ ಗದ್ಯಗಳೇ. ಕಿವಿ ಕೇಳಿಸದ ಮಕ್ಕಳಿಗೆ ಕೇಳುವ ಭಾಗದ ಬದಲು ಓದಿನ ಪ್ರಶ್ನೆಯನ್ನೇ ಕೊಡಬೇಕು.

‘ಇದರಿಂದ ಕನ್ನಡಕ್ಕೆ ಪೆಟ್ಟಲ್ಲವೇ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಉಲ್ಟಾ ನೋಡಿ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟಿನಲ್ಲಿ ಕೊಟ್ಟ ವರದಿ ಕನಿಷ್ಠ ಐದನೇ ತರಗತಿವರೆಗೆ ಕನ್ನಡ ಅಥವಾ ಮಾತೃಭಾಷೆಯಲ್ಲೇ ಕಲಿಸಿ ಎಂದಿದೆ. ಆದರೆ ಹಳ್ಳಿಯ ಅಪ್ಪ-ಅಮ್ಮ ಸಾಲ ಮಾಡಿ ಇಂಗ್ಲಿಷ್ ಮೀಡಿಯಂ ವ್ಯಾನಿಗೆ ಮಗುವನ್ನು ಹತ್ತಿಸುವುದು ಕನ್ನಡದ ಮೇಲಿನ ಸಿಟ್ಟಿಗಲ್ಲ. ‘ಕನ್ನಡ ಶಾಲೇಲಿ ಇಂಗ್ಲಿಷ್ ಬರಲ್ಲ’ ಎಂಬ ನಂಬಿಕೆಯಿಂದ. ಆ ನಂಬಿಕೆ ಸುಳ್ಳು ಎಂದು ತೋರಿಸಲು ಭಾಷಣ ಸಾಲದು. ಕನ್ನಡದಲ್ಲೇ ವಿಜ್ಞಾನ ಕಲಿತ ಮಗು ಇಂಗ್ಲಿಷಿನ ನಾಲ್ಕು ಮಾತು ಕೇಳಿ ಅರ್ಥ ಹೇಳುವಂತಾಗಬೇಕು. 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಕಲಿಸುತ್ತಿದ್ದೇವೆ. ಹತ್ತು ವರ್ಷದ ಆ ಕಲಿಕೆಯ ಕೊನೆಗೆ ಮಗುವಿನ ಕಿವಿಗೆ ಐದು ನಿಮಿಷ ಕೊಡುವುದು ಹೆಚ್ಚಲ್ಲ.

ಅಲ್ಲಿಯವರೆಗೆ ಮೇಷ್ಟ್ರುಗಳಿಗೆ ಒಂದು ಕೋರಿಕೆ. ಪ್ಯಾಕೇಜ್ ಬಿಡಿ ಅನ್ನುವ ಧೈರ್ಯ ನಮಗಿಲ್ಲ, ಫಲಿತಾಂಶ ಕೇಳುವವರು ನಿಮ್ಮ ಬಾಗಿಲಿಗೇ ಬರುತ್ತಾರೆ. ಆದರೆ ದಿನಕ್ಕೆ ಐದು ನಿಮಿಷ ಪುಸ್ತಕ ಮುಚ್ಚಿಸಿ, ಮೂರು ಸಾಲಿನ ಸಣ್ಣ ಸುದ್ದಿಯೊಂದನ್ನು ಇಂಗ್ಲಿಷಿನಲ್ಲಿ ಹೇಳಿ, ‘ಏನಂದೆ ಹೇಳ್ರಪ್ಪಾ’ ಅಂತ ಕನ್ನಡದಲ್ಲಿ ಕೇಳಿ. ಯಾವ ಮಗುವಿಗೆ ಏನು ಕೇಳಿಸುತ್ತಿದೆ ಎಂಬುದು ಒಂದೇ ವಾರದಲ್ಲಿ ನಿಮಗೆ ಗೊತ್ತಾಗುತ್ತದೆ.