ಬಿ.ಇಡಿ. ಸಾಲ ತೀರಿಸುವುದು ಯಾವ ಸಂಬಳದಲ್ಲಿ?

ಮಗಳು ಬಿ.ಇಡಿ. ಸೇರುತ್ತೇನೆ ಎಂದಾಗ ಮನೆಯಲ್ಲಿ ಮೊದಲು ಏಳುವುದು ಫೀಸಿನ ಮಾತು. ಕೇಂದ್ರೀಕೃತ ದಾಖಲಾತಿಯಲ್ಲಿ ಸರ್ಕಾರಿ ಕೋಟಾದ ಸೀಟು ಸಿಕ್ಕಿತೋ, ಅಪ್ಪ ಅಮ್ಮನಿಗೆ ಅರ್ಧ ಚಿಂತೆ ಕಳೆಯಿತು. ಮ್ಯಾನೇಜ್‌ಮೆಂಟ್ ಸೀಟೇ ಗತಿಯಾದರೆ ಬಳೆ, ಸರ ಗಿರವಿ ಅಂಗಡಿ ಸೇರುತ್ತವೆ. ಖರ್ಚು ಫೀಸಿಗೇ ಮುಗಿಯುವುದೂ ಇಲ್ಲ. ಸಮವಸ್ತ್ರದ ಸೀರೆ, ಪಾಠಯೋಜನೆ ಬರೆಯುವ ಪುಸ್ತಕಗಳ ಕಟ್ಟು, ಚಾರ್ಟು, ಥರ್ಮಾಕೋಲ್ ಮಾದರಿ, ಪೌರತ್ವ ತರಬೇತಿ ಶಿಬಿರದ ಚಂದಾ ಒಂದಾದ ಮೇಲೊಂದು ಬರುತ್ತವೆ. 2023ರಿಂದ ‘ಶಕ್ತಿ’ ಯೋಜನೆ ಹೆಣ್ಣುಮಕ್ಕಳ ಬಸ್ ಚಾರ್ಜನ್ನಾದರೂ ಉಳಿಸಿದೆ.

2015ರವರೆಗೆ ಈ ಓದು ಒಂದೇ ವರ್ಷದ್ದಾಗಿತ್ತು. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ (ಎನ್‌ಸಿಟಿಇ) 2014ರ ನಿಯಮಾವಳಿ ಅದನ್ನು ಎರಡು ವರ್ಷ ಮಾಡಿತು, ಜೊತೆಗೆ 20 ವಾರಗಳ ಶಾಲಾ ಇಂಟರ್ನ್‌ಶಿಪ್ ಸೇರಿಸಿತು. ಮಕ್ಕಳ ಮುಂದೆ ನಿಂತು ಪಳಗಲಿ ಎಂಬ ಉದ್ದೇಶಕ್ಕೆ ಯಾರ ತಕರಾರೂ ಇಲ್ಲ. ಆದರೆ ಹೆಚ್ಚಿನ ಒಂದು ವರ್ಷ ಎಂದರೆ ಇನ್ನೊಂದು ವರ್ಷದ ಫೀಸು ಮತ್ತು ಕೈತಪ್ಪಿದ ಒಂದು ವರ್ಷದ ದುಡಿಮೆ. ಆಸ್ಟ್ರೇಲಿಯಾ 2025ರ ಜುಲೈನಿಂದ ಇಂಥ ಕಡ್ಡಾಯ ಶಾಲಾ ತರಬೇತಿಯಲ್ಲಿರುವ ಅರ್ಹ ವಿದ್ಯಾರ್ಥಿಗಳಿಗೆ ವಾರದ ಲೆಕ್ಕದಲ್ಲಿ ಹಣ ಕೊಡುತ್ತಿದೆ. ನಮ್ಮಲ್ಲಿ ಇಂಟರ್ನ್ ಶಿಕ್ಷಕಿಯ ಮಧ್ಯಾಹ್ನದ ಬುತ್ತಿಯೂ ಮನೆಯಿಂದಲೇ ಬರಬೇಕು.

ಇನ್ನು ಸಾಲ. ಗಿರವಿ ಅಂಗಡಿಗಿಂತ ಬ್ಯಾಂಕಿನ ಶಿಕ್ಷಣ ಸಾಲ ಎಷ್ಟೋ ವಾಸಿ: 4 ಲಕ್ಷದವರೆಗೆ ಅಡಮಾನ ಬೇಡ, ಓದು ಮುಗಿದು ಒಂದು ವರ್ಷದವರೆಗೆ ಕಂತೂ ಇಲ್ಲ. ವರ್ಷಕ್ಕೊಂದು ಲಕ್ಷದಂತೆ ಒಟ್ಟು 2 ಲಕ್ಷ ಸಾಲ, ಬಡ್ಡಿ ಶೇ 10 ಎಂದು ಇಟ್ಟುಕೊಳ್ಳೋಣ. ಕಂತು ಶುರುವಾಗುವ ಹೊತ್ತಿಗೆ ಅದು ಸುಮಾರು ಎರಡೂವರೆ ಲಕ್ಷ ಆಗಿರುತ್ತದೆ. ಏಳು ವರ್ಷದಲ್ಲಿ ತೀರಿಸಲು ತಿಂಗಳಿಗೆ ಹತ್ತಿರ ಹತ್ತಿರ 4,150 ರೂಪಾಯಿ ಕಟ್ಟಬೇಕು.

ಇದು ದೊಡ್ಡ ಮೊತ್ತವೇ? ಕಟ್ಟುವವರು ಯಾರು ಎಂಬುದರ ಮೇಲೆ ಉತ್ತರ ನಿಂತಿದೆ. ರಾಜ್ಯದ 7ನೇ ವೇತನ ಆಯೋಗದ ಶ್ರೇಣಿ 2024ರ ಆಗಸ್ಟ್‌ನಲ್ಲಿ ಜಾರಿಯಾದ ಮೇಲೆ, 6ರಿಂದ 8ನೇ ತರಗತಿಯ ಪದವೀಧರ ಶಿಕ್ಷಕರ ಆರಂಭಿಕ ಮೂಲವೇತನವೇ 44 ಸಾವಿರ ದಾಟಿದೆ. ಅವರಿಗೆ ಈ ಕಂತು ಹತ್ತನೇ ಒಂದು ಪಾಲಿಗಿಂತ ಕಡಿಮೆ. ಅದೇ ಓದು ಓದಿದ ಪ್ರೌಢಶಾಲೆಯ ಅತಿಥಿ ಶಿಕ್ಷಕಿಗೆ, 2025–26ರ ಬಜೆಟ್‌ನಲ್ಲಿ 2 ಸಾವಿರ ಏರಿಸಿದ ಮೇಲೂ ಸಿಗುವುದು 12,500 ರೂಪಾಯಿ. ಅವರ ಪಾಲಿಗೆ ಕಂತು ಆದಾಯದ ಮೂರರಲ್ಲೊಂದು ಭಾಗ. ಬೇಸಿಗೆ ರಜೆಯಲ್ಲಿ ಗೌರವಧನ ನಿಲ್ಲುತ್ತದೆ, ಕಂತು ನಿಲ್ಲುವುದಿಲ್ಲ. ಜೂನ್‌ನಲ್ಲಿ ಮತ್ತೆ ಅರ್ಜಿ ಹಿಡಿದು ಮುಖ್ಯೋಪಾಧ್ಯಾಯರ ಮುಂದೆ ನಿಲ್ಲಬೇಕು. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಹೀಗೆ ಪಾಠ ಮಾಡುವವರು ಸರಿಸುಮಾರು ಅರ್ಧ ಲಕ್ಷ ಮಂದಿ. ಖಾಸಗಿ ಶಾಲೆಗಳಲ್ಲಿ ಎಷ್ಟೋ ಕಡೆ ಕೈಗೆ ಬರುವುದು ಇದಕ್ಕಿಂತಲೂ ಕಡಿಮೆ.

ಹಾಗಾದರೆ ಕಾಯಂ ಹುದ್ದೆಗೆ ಕಾಯಬಾರದೇ ಎನ್ನಬಹುದು. ಆ ಕಾಯುವಿಕೆಯೇ ಈ ಪದವಿಯ ಅತಿ ದೊಡ್ಡ ಖರ್ಚು. ಬಿ.ಇಡಿ. ಆದ ಮೇಲೆ ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ): 150ಕ್ಕೆ 90 ಅಂಕ, ಮೀಸಲಾತಿ ಇದ್ದವರಿಗೆ ತುಸು ಕಡಿಮೆ. ಅದಾದ ಮೇಲೆ ನೇಮಕಾತಿಯ ಸಿಇಟಿ. 2022ರಲ್ಲಿ ಸರ್ಕಾರ 15 ಸಾವಿರ ಪದವೀಧರ ಶಿಕ್ಷಕರ ಹುದ್ದೆ ಕರೆಯಿತು. ಅಷ್ಟೂ ಹುದ್ದೆ ತುಂಬಲಿಲ್ಲ. ಆಯ್ಕೆಯಾದವರ ಪಟ್ಟಿಯೂ, ಮದುವೆಯಾದ ಹೆಣ್ಣುಮಕ್ಕಳು ಕೊಡಬೇಕಾದದ್ದು ತಂದೆಯ ಆದಾಯ ಪ್ರಮಾಣಪತ್ರವೋ ಗಂಡನದೋ ಎಂಬ ಜಗಳದಲ್ಲಿ ಕೋರ್ಟಿನ ಮೆಟ್ಟಿಲೇರಿತು. ಮೇ ತಿಂಗಳಲ್ಲಿ ಪರೀಕ್ಷೆ ಬರೆದವರಿಗೆ ನೇಮಕಾತಿ ಆದೇಶ ಸಿಗುವಷ್ಟರಲ್ಲಿ ಒಂದು ವರ್ಷ ದಾಟಿತ್ತು. ಈ ನಡುವೆ, 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ 1ರಿಂದ 5ನೇ ತರಗತಿಗೆ ಬಿ.ಇಡಿ. ಅರ್ಹತೆಯಲ್ಲ ಎಂದು ಹೇಳಿದ್ದರಿಂದ ಒಂದು ಬಾಗಿಲು ಪೂರ್ತಿ ಮುಚ್ಚಿತು. ಮಕ್ಕಳ ದೃಷ್ಟಿಯಿಂದ ಅದು ಸರಿಯಾದ ತೀರ್ಪೇ. ಸಾಲ ಮಾಡಿ ಓದಿದವರ ಲೆಕ್ಕಾಚಾರ ಮಾತ್ರ ತಲೆಕೆಳಗಾಯಿತು.

ಅಮೆರಿಕದಲ್ಲಿ ಇಂಥ ಲೆಕ್ಕವನ್ನು ಈಗ ಕಾನೂನೇ ಹಾಕುತ್ತದೆ. ಅಲ್ಲಿನ 2025ರ ಕಾಯ್ದೆಯ ಪ್ರಕಾರ, ಒಂದು ಪದವಿ ಕೋರ್ಸ್ ಮುಗಿಸಿದವರ ಗಳಿಕೆ ಬರೀ ಹೈಸ್ಕೂಲು ಓದಿದವರ ಗಳಿಕೆಗಿಂತ ಸತತವಾಗಿ ಕೆಳಗಿದ್ದರೆ ಆ ಕೋರ್ಸಿಗೆ ಕೇಂದ್ರ ಸರ್ಕಾರದ ವಿದ್ಯಾರ್ಥಿ ಸಾಲ ತಪ್ಪುತ್ತದೆ. ಕೇಳಲು ನ್ಯಾಯವಾಗಿಯೇ ಇದೆ. ಎಂಜಿನಿಯರಿಂಗ್ ಕಾಲೇಜಿಗೆ ಹೊಂದೀತು ಕೂಡ, ಶಿಕ್ಷಕರ ಕಾಲೇಜಿಗೆ ಹೊಂದುವುದಿಲ್ಲ. ಶಿಕ್ಷಕರ ಗಳಿಕೆಯನ್ನು ತೀರ್ಮಾನಿಸುವುದು ಬಹುಮಟ್ಟಿಗೆ ಸರ್ಕಾರದ ಬಜೆಟ್ಟು. ಒಂದೇ ಕಾಲೇಜಿನ ಒಂದೇ ಬೆಂಚಿನಲ್ಲಿ ಕೂತ ಇಬ್ಬರಲ್ಲಿ ಒಬ್ಬರಿಗೆ 44 ಸಾವಿರ, ಇನ್ನೊಬ್ಬರಿಗೆ 12 ಸಾವಿರ ಬಂದರೆ ಅದರಲ್ಲಿ ಕಾಲೇಜಿನ ಗುಣವೂ ಇಲ್ಲ, ದೋಷವೂ ಇಲ್ಲ.

ಹಾಗೆಂದು ಕಾಲೇಜುಗಳನ್ನು ಸುಮ್ಮನೆ ಬಿಡುವಂತೆಯೂ ಇಲ್ಲ. ದೇಶದಲ್ಲಿ 10 ಸಾವಿರಕ್ಕೂ ಹೆಚ್ಚಿರುವ ಬಿಡಿ ಶಿಕ್ಷಕ ತರಬೇತಿ ಸಂಸ್ಥೆಗಳಲ್ಲಿ ಬಹುಪಾಲಿನವು ದುಡ್ಡಿಗೆ ಪದವಿ ಮಾರುತ್ತಿವೆ ಎಂಬ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗದ 2012ರ ಮಾತನ್ನು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಎತ್ತಿ ಹೇಳಿದೆ. ಹಾಜರಾತಿ ಇಲ್ಲದೆಯೂ ಕೋರ್ಸ್ ಮುಗಿಸಿಕೊಡುವ ಕಾಲೇಜುಗಳ ಸುದ್ದಿ ಯಾರಿಗೆ ಗೊತ್ತಿಲ್ಲ? ಅಲ್ಲಿ ಓದಿದವರು ಟಿಇಟಿಯಲ್ಲಿ ಮುಗ್ಗರಿಸಿದರೂ ಸಾಲ ಮಾತ್ರ ಅವರ ಹೆಸರಿನಲ್ಲೇ ಉಳಿಯುತ್ತದೆ.

ಒಂದು ವರ್ಷದ ಬಿ.ಇಡಿ. ಮರಳಿ ತರುವ ಎನ್‌ಸಿಟಿಇಯ 2025ರ ಕರಡು ಕೆಲವರಲ್ಲಿ ಆಸೆ ಹುಟ್ಟಿಸಿದೆ. ಆದರೆ ಅದು ನಾಲ್ಕು ವರ್ಷದ ಪದವಿ ಅಥವಾ ಸ್ನಾತಕೋತ್ತರ ಪದವಿ ಪಡೆದವರಿಗೆ. ಕರ್ನಾಟಕ 2024ರಲ್ಲಿ ಮೂರು ವರ್ಷದ ಪದವಿಗೆ ಮರಳಿದೆ. ನಮ್ಮ ಬಿ.ಎ., ಬಿ.ಎಸ್ಸಿ. ಮಕ್ಕಳಿಗೆ ಅದರಿಂದ ಹೆಚ್ಚೇನೂ ಉಳಿತಾಯವಿಲ್ಲ. ಕೇಂದ್ರದ ಪಿಎಂ ವಿದ್ಯಾಲಕ್ಷ್ಮಿ ಬಡ್ಡಿ ರಿಯಾಯಿತಿಯೂ ರ‍್ಯಾಂಕಿಂಗ್ ಪಡೆದ 860 ಉನ್ನತ ಸಂಸ್ಥೆಗಳಿಗೆ ಸೀಮಿತವಾಗಿ ಶುರುವಾದದ್ದು. ತಾಲ್ಲೂಕು ಕೇಂದ್ರದ ಬಿ.ಇಡಿ. ಕಾಲೇಜಿಗೆ ಅದು ಎಟುಕುವುದು ಕಷ್ಟ.

ಮಾಡಬೇಕಾದದ್ದು ಸಿಕ್ಕಾಪಟ್ಟೆ ಏನಿಲ್ಲ. ಇಂಗ್ಲೆಂಡಿನಲ್ಲಿ ವಿದ್ಯಾರ್ಥಿ ಸಾಲದ ಕಂತು ಆದಾಯ ಒಂದು ಮಿತಿ ದಾಟಿದ ಮೇಲೆಯೇ ಶುರು, ಅದೂ ಮಿತಿ ಮೀರಿದ ಮೊತ್ತದ ಶೇ 9 ಮಾತ್ರ. ನಮ್ಮ ಬ್ಯಾಂಕುಗಳು ಕನಿಷ್ಠ ಶಿಕ್ಷಕರ ತರಬೇತಿಯ ಸಾಲಕ್ಕಾದರೂ ಈ ಕ್ರಮ ತರಬೇಕು. ಅದಕ್ಕೂ ಮೊದಲು, ಬಿ.ಇಡಿ. ಕಡ್ಡಾಯ ಎಂದ ಸರ್ಕಾರ ಅದೇ ಪದವಿಯವರನ್ನು ಹತ್ತು ತಿಂಗಳ ಗೌರವಧನಕ್ಕೆ ದುಡಿಸುವುದನ್ನು ಬಿಡಬೇಕು. ವರ್ಷಪೂರ್ತಿ ಗೌರವಧನ, ವರ್ಷಕ್ಕೊಮ್ಮೆ ತಪ್ಪದ ನೇಮಕಾತಿ, ಇವೆರಡೂ ಬಂದರೆ ಸಾಲದ ಮಾತು ಅರ್ಧಕ್ಕರ್ಧ ಹಗುರಾಗುತ್ತದೆ.

ಅಲ್ಲಿಯವರೆಗೆ ಈ ವರ್ಷ ಅರ್ಜಿ ಹಾಕುತ್ತಿರುವವರು ಫೀಸಿನ ಜೊತೆಗೆ ಇನ್ನೂ ಎರಡು ವಿಷಯ ಕೇಳಲಿ: ಕಳೆದ ಮೂರು ವರ್ಷದಲ್ಲಿ ಈ ಕಾಲೇಜಿನಿಂದ ಎಷ್ಟು ಮಂದಿ ಟಿಇಟಿ ಪಾಸಾದರು, ಎಷ್ಟು ಮಂದಿಗೆ ಎಲ್ಲಿ ಕೆಲಸ ಸಿಕ್ಕಿತು? ಉತ್ತರ ಕೊಡದ ಕಾಲೇಜಿಗೆ ಒಡವೆ ಅಡವಿಡಬೇಡಿ.