ಮೊದಲ ರಿವ್ಯೂನಲ್ಲಿ ಏನನ್ನು ನೋಡಬೇಕು?

ಕಂಪ್ಯೂಟರ್ ಸೈನ್ಸ್ ವಿಭಾಗಗಳಲ್ಲಿ ಕೊನೆಯ ವರ್ಷದ ಪ್ರಾಜೆಕ್ಟಿನ ಮೊದಲ ರಿವ್ಯೂ ಬಂತೆಂದರೆ ಕಿವಿಗೆ ಬೀಳುವ ಮಾತು ಹೆಚ್ಚುಕಡಿಮೆ ಒಂದೇ: "ಲಾಗಿನ್ ಪೇಜ್ ಆಗಿದೆ ಸರ್, ಡೇಟಾಬೇಸ್ ಆಗಿದೆ, ನಲವತ್ತು ಪರ್ಸೆಂಟ್ ಮುಗಿದಿದೆ." ನಾಲ್ವರ ಬ್ಯಾಚಿನಲ್ಲಿ ಒಬ್ಬರು ಸ್ಕ್ರೀನ್‌ಗಳನ್ನು ಚೆಂದಗಾಣಿಸಿರುತ್ತಾರೆ, ಒಬ್ಬರು ಟೇಬಲ್‌ಗಳನ್ನು ಹೆಣೆದಿರುತ್ತಾರೆ, ಇನ್ನೊಬ್ಬರು ಸರ್ವರ್ ಕೋಡ್ ಬರೆದಿರುತ್ತಾರೆ. ಪಿಪಿಟಿ ಮತ್ತು ರಿಪೋರ್ಟು ನಾಲ್ಕನೆಯವರ ಪಾಲು. ಗೈಡ್ ಒಪ್ಪುತ್ತಾರೆ, ಅಂಕ ಬೀಳುತ್ತದೆ, ಎಲ್ಲರೂ ನಿರಾಳ.

ಆ ನಲವತ್ತು ಯಾವುದರಲ್ಲಿ ನಲವತ್ತು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಇದನ್ನು ಕೇಳಿದ ಹಿರಿಯರಲ್ಲಿ ಫ್ರೆಡ್ ಬ್ರೂಕ್ಸ್ ಮುಖ್ಯರು. 1960ರ ದಶಕದಲ್ಲಿ ಐಬಿಎಂನ ಸಿಸ್ಟಮ್/360 ಕಂಪ್ಯೂಟರುಗಳ ಆಪರೇಟಿಂಗ್ ಸಿಸ್ಟಮ್ ಕಟ್ಟುವ ಕೆಲಸದ ಹೊಣೆ ಹೊತ್ತವರು ಅವರು. ಆ ಕೆಲಸ ತಡವಾಗಿ, ಅಂದಾಜು ಮೀರಿ ಸಾಗಿದ್ದನ್ನು ಕಂಡು 1975ರಲ್ಲಿ 'ದಿ ಮಿಥಿಕಲ್ ಮ್ಯಾನ್-ಮಂತ್' ಪುಸ್ತಕ ಬರೆದರು. ಸಾಫ್ಟ್‌ವೇರ್ ಕೆಲಸದ ಸಮಯವನ್ನು ಅವರು ಹಂಚಿದ ರೀತಿ ಇಂದಿಗೂ ಬೆಚ್ಚಿಬೀಳಿಸುವಂತಿದೆ: ಮೂರನೇ ಒಂದು ಪಾಲು ಯೋಜನೆಗೆ, ಕೋಡ್ ಬರೆಯಲು ಆರನೇ ಒಂದು ಪಾಲು, ಉಳಿದ ಅರ್ಧ ಪೂರ್ತಿ ಪರೀಕ್ಷೆಗೆ. ಆ ಅರ್ಧದಲ್ಲೂ ಒಂದು ಭಾಗ ಬಿಡಿ ತುಣುಕುಗಳ ಪರೀಕ್ಷೆಗೆ, ಇನ್ನೊಂದು ಭಾಗ ಎಲ್ಲವನ್ನೂ ಜೋಡಿಸಿ ನೋಡಲು. 18 ವಾರಗಳ ಅವಧಿಗೆ ಇದನ್ನು ಅನ್ವಯಿಸಿದರೆ ಕೋಡಿಂಗ್‌ಗೆ ಸಿಗುವುದು ಮೂರೇ ವಾರ, ಪರೀಕ್ಷೆಗೆ ಒಂಬತ್ತು. ನಮ್ಮ ಬ್ಯಾಚುಗಳಲ್ಲಿ ಲೆಕ್ಕ ತಿರುಗುಮುರುಗು: ಜೋಡಿಸುವ ಕೆಲಸಕ್ಕೆ ಉಳಿಯುವುದು ಡೆಮೊದ ಹಿಂದಿನ ರಾತ್ರಿ. ಹಾಗಾಗಿ ಕೋಡಿನ ಸಾಲು ಎಣಿಸಿ ಹೇಳುವ ನಲವತ್ತು ಪರ್ಸೆಂಟ್, ಕೆಲಸದ ಸಣ್ಣ ಪಾಲೊಂದನ್ನೇ ಇಡೀ ಕೆಲಸವೆಂದು ಅಳೆದ ಫಲ.

ಜೋಡಿಸುವಾಗ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಹಾಸ್ಟೆಲ್ ಮೆಸ್ಸಿಗೆ ಒಂದು ಆ್ಯಪ್ ಎಂದಿಟ್ಟುಕೊಳ್ಳೋಣ. ಊರಿಗೆ ಹೋಗುವ ವಿದ್ಯಾರ್ಥಿ ತನ್ನ ಊಟ ರದ್ದು ಮಾಡಿದರೆ ಅಡುಗೆಯವರ ಸ್ಕ್ರೀನಿನಲ್ಲಿ ಸಂಖ್ಯೆ ಒಂದು ಕಡಿಮೆಯಾಗಬೇಕು. ಹುಡುಗಿಯೊಬ್ಬಳು ಏಪ್ರಿಲ್ ಮೂರರ ಊಟ ಬೇಡವೆಂದು ಒತ್ತುತ್ತಾಳೆ. ಆ್ಯಪ್ ಅದನ್ನು 03-04 ಎಂದು ಕಳಿಸುತ್ತದೆ. ಸರ್ವರ್ ಬರೆದವರು ತಿಂಗಳು ಮೊದಲು ಬರುವ ಅಮೆರಿಕದ ಕ್ರಮ ಹಿಡಿದಿದ್ದರಿಂದ ಅದಕ್ಕೆ ಕಾಣುವುದು ಮಾರ್ಚ್ ನಾಲ್ಕು. "ದಿನಾಂಕ ಮುಗಿದಿದೆ" ಎಂಬ ಉತ್ತರ ಬರುತ್ತದೆ. ಇಬ್ಬರ ಕೋಡೂ ಅವರವರ ಲ್ಯಾಪ್‌ಟಾಪಿನಲ್ಲಿ ಸರಿಯಾಗಿಯೇ ಓಡುತ್ತಿತ್ತು. ದಿನಾಂಕ ಹೇಗಿರಬೇಕೆಂದು ಇಬ್ಬರೂ ಕೂತು ಮಾತಾಡಿರಲಿಲ್ಲ, ಅಷ್ಟೇ.

ಇದು ಎಳೆಯರಿಗಷ್ಟೇ ಆಗುವ ಎಡವಟ್ಟಲ್ಲ. 1999ರ ಸೆಪ್ಟೆಂಬರ್ 23ರಂದು ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳ ಗ್ರಹದ ಬಳಿ ಕಾಣೆಯಾಯಿತು. ನೌಕೆಯ ಪುಟ್ಟ ಎಂಜಿನ್‌ಗಳ ನೂಕುಬಲವನ್ನು ಒಂದು ತಂಡದ ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಕೊಟ್ಟಿತ್ತು, ಅದನ್ನು ಪಡೆದ ತಂಡ ನ್ಯೂಟನ್ ಲೆಕ್ಕವೆಂದು ಓದಿಕೊಂಡಿತ್ತು. ಎರಡರ ನಡುವಿನ ಅಂತರ ಸುಮಾರು ನಾಲ್ಕೂವರೆ ಪಟ್ಟು. ಅನುಭವಿಗಳ ಕೈಯಲ್ಲೂ ಎರಡು ತುಣುಕು ಸೇರುವ ಜಾಗದಲ್ಲೇ ಬಿರುಕು ಬಿಡುವುದಾದರೆ, ವಿದ್ಯಾರ್ಥಿಗಳು ಮೊದಲು ಮುಟ್ಟಿ ನೋಡಬೇಕಾದದ್ದೂ ಆ ಜಾಗವನ್ನೇ.

ಮುಟ್ಟಿ ನೋಡುವ ಬಗೆಯೂ ಹೊಸದೇನಲ್ಲ. 2001ರಲ್ಲಿ ಅಜೈಲ್ ಪ್ರಣಾಳಿಕೆಗೆ ಸಹಿ ಹಾಕಿದ 17 ಮಂದಿಯಲ್ಲೊಬ್ಬರಾದ ಆಲಿಸ್ಟೇರ್ ಕಾಕ್‌ಬರ್ನ್ ಇದನ್ನು 'ವಾಕಿಂಗ್ ಸ್ಕೆಲಿಟನ್' ಎಂದರು: ಮೈಮೇಲೆ ಮಾಂಸವಿಲ್ಲದಿದ್ದರೂ ಎದ್ದು ನಡೆಯುವ ಎಲುಬಿನ ಗೂಡು. ಮೆಸ್ ಆ್ಯಪಿನಲ್ಲಿ ಅಂಥದ್ದೆಂದರೆ ಒಂದೇ ಬಟನ್, ಒಂದೇ ಟೇಬಲ್, ಅಡುಗೆಯವರಿಗೆ ಕಾಣುವ ಒಂದೇ ಸಂಖ್ಯೆ. ಲಾಗಿನ್ ಇಲ್ಲ, ಬಣ್ಣವಿಲ್ಲ, ಕಾಲೇಜಿನ ಲೋಗೋ ಇಲ್ಲ. ಬಟನ್ ಒತ್ತಿದರೆ 212 ಇದ್ದದ್ದು 211 ಆಗಬೇಕು. ಹಾಗೆ ಆದರೆ ಅದು ನಿಜವಾದ ಪ್ರಗತಿ. ದಿನಾಂಕದ ಜಗಳ ಎರಡನೇ ವಾರದಲ್ಲೇ ಹೊರಬಿದ್ದು ಬಗೆಹರಿದಿರುತ್ತದೆ. ನುಣುಪಾದ ಐದು ಸ್ಕ್ರೀನುಗಳಿಂದ ಅಂಥ ಒಂದು ಜಗಳವೂ ಹೊರಬರುವುದಿಲ್ಲ.

ಕೆಲಸ ಹಂಚಿಕೊಂಡ ರೀತಿಗೂ ಇಲ್ಲಿ ಪಾತ್ರವಿದೆ. ಒಂದು ಸಂಸ್ಥೆಯೊಳಗಿನ ಮಾತುಕತೆ ಹೇಗೋ ಅದು ಕಟ್ಟುವ ವ್ಯವಸ್ಥೆಯ ರಚನೆಯೂ ಹಾಗೆಯೇ ಎಂದು ಮೆಲ್ವಿನ್ ಕಾನ್ವೇ 1968ರಲ್ಲೇ ಬರೆದಿದ್ದರು. ನಾಲ್ವರು ನಾಲ್ಕು ರೂಮಿನಲ್ಲಿ ಕೂತು ಬರೆದರೆ ಬರುವುದು ನಾಲ್ಕು ಪ್ರೋಗ್ರಾಂ. ನಾಲ್ವರ ನಡುವೆ ಮಾತಿನ ದಾರಿಗಳು ಆರು, ಆರು ಮಂದಿಯಾದರೆ ಹದಿನೈದು. ಆ ದಾರಿಗಳಲ್ಲಿ ಓಡಾಟ ಇದೆಯೇ ಎಂದು ತಿಳಿಯಲು ಗಿಟ್ ಲಾಗ್ ತೆರೆದರೆ ಸಾಕು. ಸಾವಿರಾರು ಜನರ ಲಿನಕ್ಸ್ ಕೆಲಸವನ್ನು ಒಟ್ಟುಗೂಡಿಸಲೆಂದೇ ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಗಿಟ್ ಬರೆದರು. ಹಲವು ಬ್ಯಾಚುಗಳಲ್ಲಿ ಅದು ರಿವ್ಯೂದ ಹಿಂದಿನ ದಿನ ಒಬ್ಬರೇ ಇಡೀ ಫೋಲ್ಡರ್ ಏರಿಸುವ ಉಗ್ರಾಣವಾಗಿದೆ. ಮೊದಲ ತಿಂಗಳಲ್ಲಿ ನಾಲ್ಕೂ ಹೆಸರು ಕಾಣುವ, ಸಣ್ಣ ಸಣ್ಣ ತಿದ್ದುಪಡಿಗಳಿರುವ ಲಾಗ್, ಯಾವ ಸ್ಲೈಡಿಗಿಂತಲೂ ಹೆಚ್ಚು ಹೇಳುತ್ತದೆ.

ಕಣ್ಣಿಗೆ ಕಾಣುವ ಕೆಲಸ ಧೈರ್ಯ ಕೊಡುತ್ತದೆ ಎಂಬ ವಾದವಿದೆ. ಅದು ಸುಳ್ಳಲ್ಲ. ಮೊದಲ ಬಾರಿ ತಂಡದಲ್ಲಿ ದುಡಿಯುವವರಿಗೆ ತಮ್ಮದೇ ಲಾಗಿನ್ ಪೇಜ್ ತೆರೆದುಕೊಂಡಾಗ ಆಗುವ ಹಿಗ್ಗನ್ನು ಕಿತ್ತುಕೊಳ್ಳಬೇಕಿಲ್ಲ. ಆದರೆ ಸ್ಲೈಡಿಗೂ ಮಾತಿಗೂ ಅಂಕ ಕೊಡುವ ರಿವ್ಯೂ ಇನ್ನೊಂದು ಅನ್ಯಾಯವನ್ನೂ ಮಾಡುತ್ತದೆ. ಕನ್ನಡ ಮಾಧ್ಯಮದಿಂದ ಬಂದು, ಕೋಡನ್ನು ಅಚ್ಚುಕಟ್ಟಾಗಿ ಬರೆದೂ ಇಂಗ್ಲಿಷಿನಲ್ಲಿ ವಿವರಿಸಲು ತಡವರಿಸುವ ವಿದ್ಯಾರ್ಥಿ ಅಲ್ಲಿ ಹಿಂದುಳಿಯುತ್ತಾನೆ. ಓಡುವ ಪ್ರೋಗ್ರಾಂ ಯಾರ ಇಂಗ್ಲಿಷನ್ನೂ ನೆಚ್ಚಿಕೊಳ್ಳುವುದಿಲ್ಲ.

ನಮ್ಮ ವಿದ್ಯಾರ್ಥಿಗಳಿಗೆ ಜೋಡಿಸುವ ಕೆಲಸ ಮೀರಿದ್ದೆಂದು ಹೇಳುವಂತಿಲ್ಲ. ಬೆಂಗಳೂರು ಮತ್ತು ಹೈದರಾಬಾದಿನ ಏಳು ಕಾಲೇಜುಗಳ ವಿದ್ಯಾರ್ಥಿಗಳು ಕಟ್ಟಿದ, ಒಂದು ಕಿಲೋಗೂ ಕಡಿಮೆ ತೂಕದ ಸ್ಟಡ್‌ಸ್ಯಾಟ್ ಉಪಗ್ರಹ 2010ರ ಜುಲೈ 12ರಂದು ಪಿಎಸ್‌ಎಲ್‌ವಿ ರಾಕೆಟ್ಟಿನಲ್ಲಿ ಕಕ್ಷೆ ಸೇರಿತು. ಬ್ಯಾಟರಿ, ರೇಡಿಯೊ, ಕ್ಯಾಮೆರಾ, ಸಾಫ್ಟ್‌ವೇರ್ ಬೇರೆಬೇರೆಯಾಗಿ ಮುಗಿದಿವೆ ಎಂಬ ಲೆಕ್ಕಕ್ಕೆ ಅಲ್ಲಿ ಬೆಲೆಯೇ ಇರಲಿಲ್ಲ.

ಹಾಗಾಗಿ ಮುಂದಿನ ಸೆಮಿಸ್ಟರಿನ ಮೊದಲ ರಿವ್ಯೂನಲ್ಲಿ ಗೈಡ್‌ಗಳು ಪರ್ಸೆಂಟ್ ಕೇಳುವುದನ್ನು ಬಿಡಲಿ. ಬ್ಯಾಚಿಗೆ ಸೇರದ ಒಬ್ಬ ವಿದ್ಯಾರ್ಥಿಯನ್ನು ಕರೆದು, ಅವನ ಫೋನಿನಲ್ಲೇ ಒಂದು ಕೆಲಸವನ್ನು ಮೊದಲಿಂದ ಕೊನೆವರೆಗೆ ಮಾಡಿಸಿ ನೋಡಲಿ. ಅದು ಅರ್ಧದಲ್ಲಿ ನಿಂತರೆ, ಎಲ್ಲಿ, ಏಕೆ ನಿಂತಿತೆಂದು ಹೇಳಬಲ್ಲ ಬ್ಯಾಚಿಗೆ ಅಂಕ ಕೊಡಲಿ.