ಫೋಟೊ ತೆಗೆದ ಮೇಲೆ ಆ ಜೆಲ್ ಎಲ್ಲಿಗೆ ಹೋಗುತ್ತದೆ?

ಬೆಂಗಳೂರಿನಲ್ಲಿ ಬಳ್ಳಾರಿ ರಸ್ತೆ ಹಿಡಿದು ಹೆಬ್ಬಾಳದಿಂದ ಯಲಹಂಕದತ್ತ ಹೊರಟರೆ ಪಶುವೈದ್ಯಕೀಯ ಕಾಲೇಜು, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ, ಅದರ ಆವರಣದಲ್ಲೇ ಇರುವ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್, ಸ್ವಲ್ಪ ಒಳಗೆ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಸಿಗುತ್ತವೆ. ಇವುಗಳ ಸುತ್ತಮುತ್ತ ಬಯೋಟೆಕ್ನಾಲಜಿ ಕಲಿಸುವ ಕಾಲೇಜುಗಳೂ ಇವೆ. ಅಲ್ಲಿನ ವಿದ್ಯಾರ್ಥಿಗಳು ಡಿಎನ್‌ಎಯನ್ನು ಬೇರ್ಪಡಿಸಿ ನೋಡಲು ಕಲಿಯುವುದು ಅಗರೋಸ್ ಜೆಲ್ ಮೇಲೆ.

ಕಡಲಪಾಚಿಯಿಂದ ತೆಗೆದ ಅಗರೋಸನ್ನು ಬಫರಿನಲ್ಲಿ ಕುದಿಸಿ ಆರಲು ಬಿಟ್ಟರೆ ಜೆಲ್ ಗಟ್ಟಿಯಾಗುತ್ತದೆ. ವಿದ್ಯುತ್ ಹರಿಸಿದಾಗ ಋಣ ಆವೇಶದ ಡಿಎನ್‌ಎ ಧನ ಧ್ರುವದ ಕಡೆ ಸರಿಯುತ್ತದೆ. ಚಿಕ್ಕ ತುಂಡು ಮುಂದೆ, ದೊಡ್ಡದು ಹಿಂದೆ. ಜತೆಗೆ ಹಾಕುವ ನೀಲಿ ಲೋಡಿಂಗ್ ಡೈ ಓಟ ಎಲ್ಲಿಗೆ ಬಂತೆಂದು ತಿಳಿಸುತ್ತದೆ, ಅಷ್ಟೇ. ಡಿಎನ್‌ಎ ಕಾಣಬೇಕಾದರೆ ಬೇರೆ ಬಣ್ಣವೇ ಬೇಕು. 1970ರ ದಶಕದ ಆರಂಭದಿಂದ ಆ ಕೆಲಸಕ್ಕೆ ಬಳಕೆಯಲ್ಲಿರುವುದು ಎಥಿಡಿಯಮ್ ಬ್ರೋಮೈಡ್, ಲ್ಯಾಬಿನವರ ಬಾಯಲ್ಲಿ ಇಟಿಬಿಆರ್. ಅದರ ಚಪ್ಪಟೆ ಅಣು ಡಿಎನ್‌ಎ ಏಣಿಯ ಮೆಟ್ಟಿಲುಗಳ ನಡುವೆ ನುಸುಳಿ ಕೂರುತ್ತದೆ, ಯುವಿ (ಅತಿನೇರಳೆ) ಬೆಳಕಿನಲ್ಲಿ ಕಿತ್ತಳೆಯಾಗಿ ಹೊಳೆಯುತ್ತದೆ. ಆಗ ಜೆಲ್ಲಿನ ಫೋಟೊ ತೆಗೆಯುತ್ತಾರೆ.

ಇಟಿಬಿಆರ್ ಬಗೆಗಿನ ಭಯ ಹುಟ್ಟಿದ್ದೂ ಈ ನುಸುಳುವಿಕೆಯಿಂದಲೇ. 1970ರ ದಶಕದಲ್ಲಿ ಅಮೆರಿಕದ ಬ್ರೂಸ್ ಏಮ್ಸ್ ರೂಪಿಸಿದ ಬ್ಯಾಕ್ಟೀರಿಯಾ ಪರೀಕ್ಷೆಯಲ್ಲಿ, ಯಕೃತ್ತಿನ ಕಿಣ್ವಗಳೊಡನೆ ಸೇರಿದಾಗ ಇಟಿಬಿಆರ್ ಜೀನುಗಳಲ್ಲಿ ಬದಲಾವಣೆ ತರುತ್ತದೆಂದು ಗೊತ್ತಾಯಿತು. ಇದೇ ರಾಸಾಯನಿಕ ಹೋಮಿಡಿಯಮ್ ಎಂಬ ಹೆಸರಿನಲ್ಲಿ ಆಫ್ರಿಕಾದ ದನಗಳ ಟ್ರಿಪನೊಸೋಮ ರೋಗಕ್ಕೆ ಔಷಧಿ ಎಂಬುದು ಕಡಿಮೆ ಜನಕ್ಕೆ ಗೊತ್ತು. ದೇಹತೂಕದ ಕಿಲೋಗೆ 1 ಮಿಲಿಗ್ರಾಂ ಲೆಕ್ಕದಲ್ಲಿ 300 ಕಿಲೋ ಹಸುವಿಗೆ 300 ಮಿಲಿಗ್ರಾಂ ಚುಚ್ಚುತ್ತಾರೆ. 50 ಮಿಲಿಲೀಟರಿನ ಒಂದು ಜೆಲ್‌ನಲ್ಲಿ ಸಾಮಾನ್ಯವಾಗಿ ಇರುವುದು 25 ಮೈಕ್ರೋಗ್ರಾಂ.

ಹಾಗಾಗಿ ಜೆಲ್ ಮುಟ್ಟಿದರೆ ಕ್ಯಾನ್ಸರ್ ಎನ್ನುವ ಮಾತಿಗೆ ಆಧಾರವಿಲ್ಲ. ನಿಜವಾದ ಎಚ್ಚರ ಬೇಕಾದುದು ಬಣ್ಣದ ದಟ್ಟ ದ್ರಾವಣವಿರುವ ಸ್ಟಾಕ್ ಬಾಟಲಿಯ ಹತ್ತಿರ. ಅದರ 1 ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ, ಅಂದರೆ 400 ಜೆಲ್‌ಗಳಿಗೆ ಸಾಲುವಷ್ಟು ಬಣ್ಣವಿರುತ್ತದೆ. ಮುಖಕ್ಕೆ ಶೀಲ್ಡ್ ಇಲ್ಲದೆ, ಜೆಲ್ ನೋಡುವ ಯುವಿ ಪೆಟ್ಟಿಗೆಗೆ ಬಗ್ಗುವುದು ಕಣ್ಣಿಗೆ ಇಂದೇ ಆಗುವ ಅಪಾಯ.

ಇನ್ನು ವಿಲೇವಾರಿ. ಬಣ್ಣದ ನೀರಿಗೆ ಬ್ಲೀಚ್ ಸುರಿದು ಸಿಂಕಿಗೆ ಬಿಡುವುದು ಪರಿಹಾರವಲ್ಲ. ಬಣ್ಣ ಮಾಯವಾದರೂ ಆ ಕ್ರಿಯೆಯಲ್ಲಿ ಹುಟ್ಟುವ ಪದಾರ್ಥಗಳು ಜೀನುಗಳಿಗೆ ಹಾನಿ ಮಾಡಬಲ್ಲವೆಂದು 1980ರ ದಶಕದ ಪರೀಕ್ಷೆಗಳೇ ತೋರಿಸಿವೆ. ಸಕ್ರಿಯ ಇದ್ದಿಲಿನಲ್ಲಿ ಹೀರಿಸಿ, ಆ ಇದ್ದಿಲನ್ನೂ ಜೆಲ್‌ಗಳನ್ನೂ ಬೇರೆಯಾಗಿ ಕೂಡಿಟ್ಟು, ಪರವಾನಗಿ ಇರುವವರ ಮೂಲಕ ಸುಡಿಸಬೇಕು. ಸಿಂಕಿಗೆ ಬಿಟ್ಟದ್ದು ಕೊಳಚೆ ನೀರನ್ನು ಸೇರುತ್ತದೆ. ಯಲಹಂಕದ ಕೊಳಚೆ ನೀರು ಜಕ್ಕೂರಿನ ಶುದ್ಧೀಕರಣ ಘಟಕ ಹಾಯ್ದು ಜೌಗು ಪ್ರದೇಶದ ಮೂಲಕ ಜಕ್ಕೂರು ಕೆರೆ ಸೇರುತ್ತದೆ. ಆ ಕೆರೆಯಲ್ಲಿ ಮೀನು ಹಿಡಿಯುತ್ತಾರೆ. ಮನೆಗಳ ಕೊಳಚೆಗೆಂದು ಕಟ್ಟಿದ ಘಟಕದ ಮೇಲೆ ಲ್ಯಾಬಿನ ರಾಸಾಯನಿಕದ ಹೊರೆ ಹಾಕುವುದು ತಪ್ಪು.

ಪದವಿ ತರಗತಿಗೆ ಇಟಿಬಿಆರ್ ಬೇಕೇ ಇಲ್ಲ. ಸೈಬರ್ ಸೇಫ್ ಎಂಬ ಬಣ್ಣ ನೀಲಿ ಬೆಳಕಿನಲ್ಲೇ ಹೊಳೆಯುವುದರಿಂದ ಯುವಿ ದೀಪವೂ ಬೇಡ. ಜೀವಕೋಶದೊಳಗೆ ಸುಲಭವಾಗಿ ಹೋಗದಷ್ಟು ದೊಡ್ಡ ಅಣುವಿನ ಜೆಲ್‌ರೆಡ್ ಇದೆ. ಇವು ದುಬಾರಿ ನಿಜ. ಹಣವಿಲ್ಲದ ಕಾಲೇಜಿಗೆ ಮೀಥಿಲೀನ್ ಬ್ಲೂ ಸಾಕು. ಡಿಎನ್‌ಎ ಸ್ವಲ್ಪ ಹೆಚ್ಚು ಹಾಕಬೇಕಾಗುತ್ತದೆ, ಆದರೆ ಬ್ಯಾಂಡುಗಳು ಬರಿಗಣ್ಣಿಗೇ ಕಾಣುತ್ತವೆ. ಹಾಗೆಂದು ‘ಸೇಫ್’ ಎಂಬ ಲೇಬಲ್ ನೋಡಿ ಗ್ಲೌಸ್ ಕಳಚುವುದೂ ಜೆಲ್ಲನ್ನು ಕಸದ ಬುಟ್ಟಿಗೆ ಎಸೆಯುವುದೂ ಸಲ್ಲದು.

ವಿಶ್ವವಿದ್ಯಾಲಯಗಳು ಪದವಿಯ ಪ್ರಾಯೋಗಿಕ ಪಠ್ಯದಿಂದ ಇಟಿಬಿಆರ್ ಅನ್ನು ಕೈಬಿಡಬೇಕು. ಲ್ಯಾಬ್ ಶುಲ್ಕ ಪಡೆಯುವ ಕಾಲೇಜುಗಳು ಅದರಲ್ಲೊಂದು ಪಾಲನ್ನು ತ್ಯಾಜ್ಯ ವಿಲೇವಾರಿಗೆ ಮೀಸಲಿಡಬೇಕು. ಮಕ್ಕಳನ್ನು ಬಯೋಟೆಕ್ನಾಲಜಿಗೆ ಸೇರಿಸಲು ಹೋಗುವ ಪೋಷಕರು ಪ್ಲೇಸ್‌ಮೆಂಟ್ ಬಗ್ಗೆ ಕೇಳುವಾಗಲೇ, ಬಳಸಿದ ಜೆಲ್‌ಗಳನ್ನು ಏನು ಮಾಡುತ್ತೀರಿ ಎಂದೂ ಕೇಳಲಿ.